ನರಸಿಂಹಪ್ಪ ಬಿಟ್ಟ ಮೂಲೆ

ನರಸಿಂಹಪ್ಪನನ್ನು ನಿದ್ದೆಯಿಂದ ಎಬ್ಬಿಸುವುದು ನಮ್ಮೂರಿಗೆಲ್ಲ ಗೊತ್ತಿದ್ದ ಫಜೀತಿ. ಬಾಗಲೂರಿನಿಂದ ಹೊಸೂರಿಗೆ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದನೆಂದರೆ ಮುಗಿಯಿತು, ಫ್ಯಾಕ್ಟರಿ ಗೇಟು ಬಂದರೂ ಕಣ್ಣು ತೆರೆಯುತ್ತಿರಲಿಲ್ಲ. ಅದೇ ಫ್ಯಾಕ್ಟರಿಗೆ ಹೋಗುತ್ತಿದ್ದ ನಾನು ಹಿಂದಿನ ಸೀಟಿನಿಂದ ಭುಜ ತಟ್ಟಬೇಕಿತ್ತು. ಜೋರಾಗಿ ತಟ್ಟಿದರೆ ಅವನಿಗೆ ಬೇಸರ.

"ಮೆತ್ತಗೆ ಎಬ್ಬಿಸ್ಬೇಕು ವರಲಕ್ಷ್ಮಮ್ಮ. ನಿದ್ದೇಲಿ ಜೀವ ಎಲ್ಲೆಲ್ಲೋ ತಿರುಗಾಡ್ಕಂಡಿರ್ತದೆ. ಅದು ವಾಪಸ್ ಬರೋಗಂಟ ಕಾಯ್ಬೇಕು" ಎನ್ನುತ್ತಿದ್ದ.

"ನಿನ್ ಜೀವ ಬರೋಗಂಟ ಬಸ್ಸು ಕೃಷ್ಣಗಿರಿ ಮುಟ್ತದೆ, ಏಳಪ್ಪ" ಎಂದು ನಾನು ಗದರುತ್ತಿದ್ದೆ. ಅವನು ನಕ್ಕು, ಕಣ್ಣಲ್ಲಿ ಇನ್ನೂ ಅರ್ಧ ಕನಸು ಇಟ್ಟುಕೊಂಡೇ ಇಳಿಯುತ್ತಿದ್ದ.

ಇಂಥವನಿಗೆ ಫ್ಯಾಕ್ಟರಿಯಲ್ಲಿ ಸಿಕ್ಕಿದ್ದ ಕೆಲಸ ಎಬ್ಬಿಸುವುದು. ನಗಬೇಡಿ, ನಿಜವಾಗಿಯೂ ಅದೇ ಕೆಲಸ.

ಅವನ ಅಪ್ಪ ದಾಸಪ್ಪನವರಿಗೆ ಬಾಗಲೂರಿನ ಆಚೆ ಒಂದಿಷ್ಟು ಹೊಲವಿತ್ತು. ರಾಗಿ, ಅವರೆ, ಅಂಚಿಗೆ ಹುಚ್ಚೆಳ್ಳು. ಆ ಹೊಲದ ಒಂದು ಮೂಲೆಯನ್ನು ಮಾತ್ರ ಅವರು ಉಳುತ್ತಿರಲಿಲ್ಲ. ಅದು ಮುನೇಶ್ವರನಿಗೆ ಬಿಟ್ಟದ್ದು. ಅಲ್ಲಿ ಕಲ್ಲಿಲ್ಲ, ದೀಪವಿಲ್ಲ, ಹಿಂದೆ ಇದ್ದ ಹುಣಸೆ ಮರವೂ ಬಿದ್ದುಹೋಗಿತ್ತು. ಉಳದೆ ಬಿಡುವುದೇ ಪೂಜೆ. ಹುಡುಗನಾಗಿದ್ದಾಗ ನರಸಿಂಹಪ್ಪ ಆ ಹುಲ್ಲಿನ ಮೇಲೆ ಮಲಗಿ ಮೋಡ ನೋಡುತ್ತಿದ್ದನಂತೆ. ಅಲ್ಲಿ ಮಲಗಿದರೆ ನೆಲ ಉಸಿರಾಡುವುದು ಬೆನ್ನಿಗೆ ತಿಳಿಯುತ್ತದೆ ಎಂದು ದೊಡ್ಡವನಾದ ಮೇಲೂ ಹೇಳುತ್ತಿದ್ದ. ನಾನೂ ಒಮ್ಮೆ ಮಲಗಿ ನೋಡಿದೆ. ಇರುವೆ ಕಚ್ಚಿತು ಅಷ್ಟೆ.

ಎಪ್ಪತ್ತರ ದಶಕದಲ್ಲಿ ಹೊಸೂರಿನ ಸುತ್ತ ಫ್ಯಾಕ್ಟರಿಗಳು ಏಳತೊಡಗಿದವು. ಐಟಿಐ ಮುಗಿಸಿದ್ದ ನರಸಿಂಹಪ್ಪ ಒಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ. ಎಂಬತ್ತರ ನಡುವಿನಲ್ಲಿ ಅದೇ ಕಂಪನಿ ಕಂಪ್ಯೂಟರ್ ಮಾಡಲು ಹೊರಟಿತು. ಹೊಸ ವಿಭಾಗಕ್ಕೆ ಯಾರು ಬರುತ್ತೀರಿ ಎಂದಾಗ ನಾವು ಕೆಲವರು ಕೈ ಎತ್ತಿದೆವು. ನಾನು ಬೋರ್ಡಿಗೆ ಚಿಪ್ಪು ಕೂರಿಸುವುದನ್ನು ಕಲಿತೆ. ಅವನು ಚಿಪ್ಪಿನೊಳಗೆ ಬರೆಯುವುದನ್ನು ಕಲಿತ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರಿಗೆ ತಾನು ಯಾರೆಂಬುದೂ ಗೊತ್ತಿರುವುದಿಲ್ಲ. ಒಂದು ಚಿಪ್ಪಿನಲ್ಲಿ ಚಿಕ್ಕ ಪ್ರೋಗ್ರಾಮು ಇರುತ್ತದೆ. ಅದು ಮೊದಲು ಎದ್ದು, ಮೆಮೊರಿ ಎಷ್ಟಿದೆ ಎಂದು ಎಣಿಸಿ, ಡಿಸ್ಕಿನಲ್ಲಿ ಮಲಗಿರುವ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸಿ, ಇನ್ನು ಮನೆ ನಿನ್ನದು ಎಂದು ಒಪ್ಪಿಸಬೇಕು. ಆ ದೊಡ್ಡದಕ್ಕೆ ಕರ್ನಲ್ ಎಂದು ಹೆಸರು. ಅದನ್ನು ಬರೆಯುತ್ತಿದ್ದವನು ಹೊಸೂರಿನ ಶ್ಯಾಮಣ್ಣ, ಚುರುಕು ಎಂಜಿನಿಯರು. ಎಬ್ಬಿಸುವ ಚಿಕ್ಕದನ್ನು ಬರೆದವನು ನಮ್ಮ ನರಸಿಂಹಪ್ಪ. ಅದು ಮೆಮೊರಿ ಎಣಿಸುವಾಗ ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳು ಸಂಜೆ ಹಟ್ಟಿಗೆ ಬರುವ ದನಗಳ ಹಾಗೆ ನಿಧಾನವಾಗಿ ಬರುತ್ತಿದ್ದವು. ಬೇಗ ಎಣಿಸುವಂತೆ ಮಾಡಬಹುದಿತ್ತಂತೆ, ಅವನು ಮಾಡಲಿಲ್ಲ. ಆ ಅಂಕಿಗಳನ್ನು ನೋಡುತ್ತ ನಿಂತರೆ ನನಗೂ ತೂಕಡಿಕೆ ಬರುತ್ತಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ನಾವು ಮೂವರೂ ಮೊಸರನ್ನ ತಿನ್ನುತ್ತಿದ್ದೆವು. ಮೆಮೊರಿಯನ್ನು ಅವರು ಪುಟಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು. ಜಾಗ ಸಾಲದು ಎಂದು ಶ್ಯಾಮಣ್ಣ ಗೊಣಗುತ್ತಿದ್ದ.

"ಕೊನೇಲಿ ಒಂದು ಪುಟ ಬಿಟ್ಟಿದೀನಿ ಶ್ಯಾಮಣ್ಣ" ಎಂದ ನರಸಿಂಹಪ್ಪ.

"ಒಳ್ಳೇದಾಯ್ತು ಬಿಡು" ಎಂದು ಶ್ಯಾಮಣ್ಣ ಉಪ್ಪಿನಕಾಯಿ ಚೀಪಿದ. ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಎರಡನ್ನೂ ಒಟ್ಟಿಗೆ ಕೂರಿಸಿದಾಗ ಕಷ್ಟ ಶುರುವಾಯಿತು. ಅಂಕಿಗಳು ಬರುತ್ತಿದ್ದವು, ಕರ್ನಲ್ ಎದ್ದು ತನ್ನ ಹೆಸರು ಹೇಳುತ್ತಿತ್ತು, ಇನ್ನೇನು ಕಣ್ಣು ಬಿಟ್ಟಿತು ಅನ್ನುವಾಗ 'ಪ್ಯಾನಿಕ್' ಎಂದು ಬರೆದು ನಿಂತುಬಿಡುತ್ತಿತ್ತು. ದಿಗಿಲು ಅಂತ ಅರ್ಥ. ಯಂತ್ರಕ್ಕೂ ದಿಗಿಲೇ ಎಂದು ನಾನು ಮೊದಮೊದಲು ನಕ್ಕಿದ್ದೆ. ಮೆಮೊರಿ ಬೋರ್ಡು ಕೆಟ್ಟಿರಬೇಕೆಂದು ನನ್ನ ಬೆರಳು ಸವೆಯುವಷ್ಟು ಚಿಪ್ಪು ಬದಲಿಸಿದ ಮೇಲೆ ನಗು ನಿಂತಿತು. ಶ್ಯಾಮಣ್ಣ ತನ್ನ ಪ್ರೋಗ್ರಾಮನ್ನು ಒಂದೊಂದೇ ಸಾಲು ಓದಿ ತಪ್ಪಿಲ್ಲ ಅಂದ. ನರಸಿಂಹಪ್ಪ ತನ್ನದನ್ನು ಓದಿ ತಪ್ಪಿಲ್ಲ ಅಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು.

ಮದ್ರಾಸಿನಿಂದ ಬಂದಿದ್ದ ಮ್ಯಾನೇಜರು ಒಂದು ದಿನ ನಿಂತು ನೋಡಿ, "ಪೊಂಗಲ್ ವರೈಕ್ಕುಂ ಪಾಕ್ಕಲಾಂ" ಅಂದರು. ಸಂಕ್ರಾಂತಿವರೆಗೆ ನೋಡೋಣ, ಆಗದಿದ್ದರೆ ಎಬ್ಬಿಸುವ ಚಿಪ್ಪನ್ನು ಹೊರಗಿನಿಂದ ತರಿಸೋಣ, ನರಸಿಂಹಪ್ಪ ತಂತಿ ಸುತ್ತುವ ವಿಭಾಗಕ್ಕೆ ವಾಪಸ್ ಹೋಗಲಿ. ಕೆಟ್ಟ ಮನುಷ್ಯರಲ್ಲ ಅವರು, ಮೆತ್ತಗೇ ಹೇಳಿದರು. ನನಗೆ ಮಾತ್ರ ಮೈ ಉರಿಯಿತು.

ಆವತ್ತು ಬಸ್ಸಿನಲ್ಲಿ ಅವನು ನಿದ್ದೆ ಮಾಡಲಿಲ್ಲ. ಕಿಟಕಿಯಾಚೆ ಮಂಜಿನಲ್ಲಿ ರಾಗಿಯ ಮೆದೆಗಳು ತೇಲಿಹೋಗುತ್ತಿದ್ದವು. ನನ್ನ ಕಡೆ ತಿರುಗಿ ಹೇಳಿದ, "ತಂತಿ ಸುತ್ತೋದು ಕೆಟ್ಟ ಕೆಲ್ಸ ಅಲ್ಲ ವರಲಕ್ಷ್ಮಮ್ಮ. ಆದ್ರೆ ಅಲ್ಲಿ ಯಾವ್ದೂ ಎದ್ದೇಳಾಕಿಲ್ಲ."

ಅವನಿಗೆ ಆ ಕೆಲಸವೆಂದರೆ ಎಷ್ಟು ಜೀವ ಎಂದು ಆವತ್ತೇ ನನಗೆ ತಿಳಿದದ್ದು, ತಿಳಿದು ಸಂಕಟವಾಯಿತು.

ಮಾರ್ಗಶಿರದ ಒಂದು ಭಾನುವಾರ ಅವನ ಹೆಂಡತಿ ಮಂಗಮ್ಮ ಅವರೆಕಾಯಿ ಬಿಡಿಸಲು ನನ್ನನ್ನು ಹೊಲಕ್ಕೆ ಕರೆದಳು. ನರಸಿಂಹಪ್ಪನೂ ಜೊತೆಗೆ ಬಂದ. ಯಂತ್ರದ ಗಲಾಟೆಯಲ್ಲಿ ಅವನು ಹೊಲದ ಕಡೆ ತಲೆ ಹಾಕದೆ ಮಳೆಗಾಲವೇ ಕಳೆದಿತ್ತು. ಹೊಲವನ್ನು ಆ ವರ್ಷ ರಾಯಕೋಟೆ ಕಡೆಯಿಂದ ಬಂದಿದ್ದ ಬಚ್ಚಪ್ಪ ಎಂಬುವವನಿಗೆ ವಾರಕ್ಕೆ ಕೊಟ್ಟಿದ್ದರು, ಬೆಳೆದದ್ದರಲ್ಲಿ ಅರ್ಧ ಅವನಿಗೆ. ಇಬ್ಬನಿಯಲ್ಲಿ ನೆನೆದ ಅವರೆಯ ಸೊಗಡು ಎಷ್ಟು ದಟ್ಟವಾಗಿತ್ತೆಂದರೆ ನಡೆಯುತ್ತಲೇ ನಿದ್ದೆ ಬರುವಂತಿತ್ತು. ಮೂಲೆಗೆ ಹೋಗಿ ಮಲಗುತ್ತೇನೆಂದು ಮುಂದೆ ಹೋದ ನರಸಿಂಹಪ್ಪ ಅಲ್ಲೇ ನಿಂತುಬಿಟ್ಟ. ಹುಲ್ಲಿರಲಿಲ್ಲ. ಮುನೇಶ್ವರನ ಮೂಲೆಯ ತುಂಬ ಅವರೆ ಹಬ್ಬಿ ಹೂ ಬಿಟ್ಟಿತ್ತು.

ಮಂಗಮ್ಮ ಗಲ್ಲ ಗಲ್ಲ ಬಡಿದುಕೊಂಡಳು. "ಬಚ್ಚಪ್ಪ, ಇಲ್ಲಿ ಯಾಕಪ್ಪ ಉತ್ತೆ?"

ಬಚ್ಚಪ್ಪ ಕುಡುಗೋಲು ಹಿಡಿದೇ ಬಂದ. "ನೀವೇ ಯೋಳಿದ್ರಲ್ಲಮ್ಮ, ಆ ಮೂಲೆ ಬಿಟ್ಟಿದೀವಿ ಅಂತ. ನಂಗೇ ಬಿಟ್ಟವ್ರೆ ಅನ್ಕಂಡೆ."

"ಮುನೇಶ್ವರಂಗೆ ಬಿಟ್ಟಿರೋದು ಕಣಪ್ಪ."

"ಮುನೇಶ್ವರನ ಹೆಸ್ರು ನೀವು ಎತ್ಲೇ ಇಲ್ಲ" ಅಂದ ಬಚ್ಚಪ್ಪ. ಅವನ ಮುಖ ಸಪ್ಪಗಾಗಿತ್ತು. ಮಂಗಮ್ಮ ನನ್ನ ಕಡೆ ನೋಡಿದಳು. ಹೆಸರು ಯಾಕೆ ಎತ್ತಬೇಕು, ಬಿಟ್ಟಿದೀವಿ ಅಂದರೆ ನಮ್ಮೂರಲ್ಲಿ ಮಗುವಿಗೂ ಗೊತ್ತು. ರಾಯಕೋಟೆಯವನಿಗೆ ಹೇಗೆ ಗೊತ್ತಾಗಬೇಕು?

ನರಸಿಂಹಪ್ಪ ಹೂವಿನ ನಡುವೆ ನಿಂತಿದ್ದ. ಕೋಪ ಮಾಡುತ್ತಾನೆ ಎಂದುಕೊಂಡೆ. ಅವನ ತುಟಿ ಮಾತ್ರ ಅಲ್ಲಾಡಿತು.

"ನಾನೂ ಎತ್ಲಿಲ್ಲ" ಅಂದ.

"ಯಾರ ಹೆಸ್ರು?" ಎಂದು ನಾನು ಕೇಳಿದೆ.

"ಶ್ಯಾಮಣ್ಣಂಗೆ ಒಂದು ಪುಟ ಬಿಟ್ಟಿದೀನಿ ಅಂದೆ. ಯಾರ್ಗೆ ಅಂತ ಹೇಳ್ಲಿಲ್ಲ."

ಸೋಮವಾರ ಬಸ್ಸಿಳಿದವನೇ ಓಡಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆಮೊರಿಯ ಕೊನೆಯ ಪುಟದಲ್ಲಿ ಎಬ್ಬಿಸುವ ಪ್ರೋಗ್ರಾಮು ತನ್ನ ಸ್ವಂತ ಗುರುತುಗಳನ್ನು ಇಟ್ಟುಕೊಂಡಿತ್ತು, ಡಿಸ್ಕು ಎಲ್ಲಿದೆ, ಎಲ್ಲಿಯವರೆಗೆ ಓದಿಯಾಯಿತು ಎಂಬಂಥವು. ಕರ್ನಲ್ ಪೂರ್ತಿ ಏಳುವವರೆಗೂ ಡಿಸ್ಕಿನಿಂದ ಓದಿಕೊಡುವುದು ಇದೇ ಚಿಕ್ಕದರ ಕೆಲಸ, ಆದ್ದರಿಂದ ಆ ಪುಟವನ್ನು ಯಾರೂ ಮುಟ್ಟಬಾರದು. ಹಾಗೆಂದೇ ನರಸಿಂಹಪ್ಪ ಅದನ್ನು ಬಿಟ್ಟಿದ್ದ. ಶ್ಯಾಮಣ್ಣ ತನಗೇ ಬಿಟ್ಟಿದ್ದಾನೆ ಎಂದುಕೊಂಡು ಕರ್ನಲ್ಲಿನ ಮೊದಲ ಪಟ್ಟಿಯನ್ನು ಅಲ್ಲೇ ಬರೆಸಿದ್ದ. ಒಬ್ಬನ ಗುರುತುಗಳ ಮೇಲೆ ಇನ್ನೊಬ್ಬ ಉತ್ತು ಬಿತ್ತಿದ್ದ. ಆಮೇಲೆ ಕರ್ನಲ್ ಡಿಸ್ಕು ಓದಿಕೊಡು ಎಂದು ಕೇಳಿದರೆ ಚಿಕ್ಕದು ದಾರಿ ತಪ್ಪಿ ಏನೇನೋ ಓದಿಕೊಡುತ್ತಿತ್ತು. ದಿಗಿಲು ಬೀಳದೆ ಏನಾದೀತು?

ಶ್ಯಾಮಣ್ಣ ತಲೆ ಹಿಡಿದುಕೊಂಡು ಕೂತ. "ಅಲ್ಲಯ್ಯ, ಬಿಟ್ಟಿದೀನಿ ಅಂದ್ರೆ ತಗೋ ಅಂತ ಅಲ್ವೇನಯ್ಯ?"

"ನಮ್ ಕಡೆ ಮುಟ್ಬೇಡ ಅಂತ" ಅಂದ ನರಸಿಂಹಪ್ಪ. ಇಬ್ಬರೂ ಬಹಳ ದಿನಗಳ ಮೇಲೆ ಮುಖ ನೋಡಿಕೊಂಡು ನಕ್ಕರು.

ಸರಿಮಾಡಿದ್ದು ಹೀಗೆ. ಮೆಮೊರಿ ಇಷ್ಟಿದೆ ಎಂದು ಒಂದೇ ಅಂಕಿ ಒಪ್ಪಿಸುವ ಬದಲು, ಇಲ್ಲಿಂದ ಇಲ್ಲಿಯವರೆಗೆ ನಿನ್ನದು, ಇದು ನಿನ್ನದಲ್ಲ ಎಂದು ಹೇಳುವ ಒಂದು ನಕ್ಷೆಯನ್ನು ನರಸಿಂಹಪ್ಪ ಬರೆದ. ಕರ್ನಲ್ ಮೊದಲು ಆ ನಕ್ಷೆ ಓದಿ ಆಮೇಲೆ ಕಾಲಿಡುವಂತೆ ಶ್ಯಾಮಣ್ಣ ತಿದ್ದಿದ. ಹಳೆಯ ಚಿಪ್ಪಿನ ಬೆನ್ನಿಗಿದ್ದ ಪುಟ್ಟ ಗಾಜಿನ ಕಿಟಕಿಗೆ ನೇರಳೆ ದೀಪ ಹಿಡಿದು ಒಳಗಿನ ಬರಹ ಅಳಿಸುವವರೆಗೆ ಕಾದೆವು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸರಿಯುತ್ತಿತ್ತು. ಹೊಸ ಬರಹ ತುಂಬಿದ ಚಿಪ್ಪನ್ನು ನಾನೇ ಕೂರಿಸಿದೆ.

ಹಸಿರು ಅಂಕಿಗಳು ತಮ್ಮ ನಿಧಾನದಲ್ಲಿ ಬಂದವು. ಆವತ್ತು ನನಗೆ ಆ ನಿಧಾನದ ಮೇಲೆ ಸಿಟ್ಟು ಬರಲಿಲ್ಲ. ಕರ್ನಲ್ ಹೆಸರು ಹೇಳಿತು. ಒಂದು ಸಾಲು, ಇನ್ನೊಂದು ಸಾಲು. ಕೊನೆಗೆ ಒಂದು ಪುಟ್ಟ ಗುರುತು ಮಿಟುಕುತ್ತ, ಏನು ಬೇಕು ಎಂದು ಕೇಳುವಂತೆ ಕಾದು ನಿಂತಿತು. ನರಸಿಂಹಪ್ಪ ಯಂತ್ರದ ಬೆನ್ನಿನ ಮೇಲೆ ಅಂಗೈ ಇಟ್ಟು, "ಬಂತಾ?" ಎಂದು ಪಿಸುಗುಟ್ಟಿದ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಶ್ಯಾಮಣ್ಣ ನೋಡಿ, ಪುಣ್ಯಕ್ಕೆ ಪರದೆಯ ಕಡೆ ತಿರುಗಿಕೊಂಡ.

ತಂತಿ ಸುತ್ತುವ ಮಾತು ಮತ್ತೆ ಏಳಲಿಲ್ಲ. ಮುಂದಿನ ಭಾನುವಾರ ಮಂಗಮ್ಮ ಗಂಡನನ್ನು ಕೇಳಿದಳು, "ಮೂಲೇಲಿರೋ ಅವರೆ ಏನ್ ಮಾಡಾನ? ಕಿತ್ತಾಕ್ಸಾನಾ?"

"ಬಿಡು" ಅಂದ.

"ಬಿಡು ಅಂದ್ರೆ? ಯಾರ್ಗೆ?"

ಅವನು ನಕ್ಕ. "ಈ ಸಲ ಬಚ್ಚಪ್ಪಂಗೆ ಬಿಡು. ಬೆವರು ಸುರ್ಸವ್ನೆ. ಮುನೇಶ್ವರ ಒಂದು ಬೆಳೆ ಕಾಯ್ತಾನೆ."

ಅಲ್ಲಿಂದಾಚೆ ನಮ್ಮ ವಿಭಾಗದಲ್ಲಿ ಯಾರಾದರೂ ಬಿಟ್ಟಿದೀನಿ ಅಂದರೆ ಸಾಕು, ಯಾರಿಗೆ ಎಂದು ಎಲ್ಲರೂ ಒಟ್ಟಿಗೆ ಕೇಳುವುದು ರೂಢಿಯಾಯಿತು. ಕುರ್ಚಿ ಬಿಟ್ಟರೂ ಯಾರಿಗೆ, ಊಟ ಬಿಟ್ಟರೂ ಯಾರಿಗೆ. ಮ್ಯಾನೇಜರು ಕೂಡ "ಯಾರುಕ್ಕು?" ಎನ್ನುವುದನ್ನು ಕಲಿತರು.

ಎಷ್ಟೋ ಯಂತ್ರಗಳನ್ನು ಎಬ್ಬಿಸಿ ಕಳಿಸಿದ ಮೇಲೆ, ಒಂದು ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟು ಖಾಲಿಯಿತ್ತು. ನಾನು ಬಸ್ಸಿಳಿದು ಅವನ ಮನೆಗೆ ನಡೆದೆ. ನಿದ್ದೆಯಲ್ಲೇ ಹೋಗಿದ್ದ, ಮುಖದಲ್ಲಿ ಅದೇ ಅರ್ಧ ಕನಸು. ಮಂಗಮ್ಮ ಅವನ ತಲೆಯ ಹತ್ತಿರ ಕೂತಿದ್ದಳು.

"ನಮ್ಮುನ್ನ ಬಿಟ್ಬುಟ್ಟ ಕಣಮ್ಮ" ಅಂದಳು.

ನನ್ನ ನಾಲಿಗೆ ತುದಿಗೆ ಆ ಮಾತು ಬಂದುಬಿಟ್ಟಿತ್ತು, ರೂಢಿ ನೋಡಿ. ತುಟಿ ಕಚ್ಚಿಕೊಂಡೆ. ಮಂಗಮ್ಮ ಅದನ್ನು ಕಂಡಳು.

"ನಾನೂ ಕೇಳ್ದೆ, ಯಾರ್ಗೆ ಬಿಟ್ಟೆ ಅಂತ" ಅಂದಳು. "ಮೆತ್ತಗೇ ಎಬ್ಬಿಸ್ದೆ ವರಲಕ್ಷ್ಮಮ್ಮ. ಜೀವ ವಾಪಸ್ ಬರೋಗಂಟ ಕಾದೆ. ಏಳ್ಲೇ ಇಲ್ಲ."