ಡ್ರೈವರ್ ಪಕ್ಕದ ಸೀಟಿನ ಅಕ್ಕ

ಮೊನ್ನೆ ಬಸ್ಸಿನಲ್ಲಿ ಯಾರೋ ಕಿತ್ತಳೆ ಸುಲಿದರು. ಆ ವಾಸನೆಗೆ, ಹಿಂದೆ ಬಸ್ಸಿನವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ನೆನಪಾದರು...

ನಾನಾಗ ಬಂಟ್ವಾಳದಿಂದ ಮೂಡುಬಿದಿರೆಯ ಜವಳಿ ಅಂಗಡಿಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದೆ. ಡ್ರೈವರ್ ಪಕ್ಕದಲ್ಲಿ ನಮ್ಮೆಲ್ಲರಿಗೆ ಮುಖ ಮಾಡಿರುವ ಉದ್ದ ಸೀಟು ಅವರದ್ದೇ. ಬೇರೆ ಸೀಟು ಖಾಲಿಯಿದ್ದರೂ ಅಲ್ಲೇ ಕೂರಬೇಕು. ಗುರುತಿಲ್ಲದವರಿಗೂ ಕಿತ್ತಳೆ ತೊಳೆ ಹಂಚುವುದು, ಹೊಸ ಸೀರೆ ಉಟ್ಟ ದಿನ ಚಂದ ಉಂಟಾ ಎಂದು ಇಡೀ ಬಸ್ಸನ್ನು ಕೇಳುವುದು, ಅತ್ತೆಯ ಗೊರಕೆಯನ್ನು ಮಾಡಿ ತೋರಿಸುವುದು. ಒಂದೊಂದು ಮಾತಿಗೂ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಸಾಲಾಗಿ ಮುಖ ನೋಡುತ್ತಿದ್ದರು. ಇದೆಂಥ ಚಟ ಎಂದು ನಾನು ಮನಸ್ಸಿನಲ್ಲೇ ಸಿಡುಕುತ್ತಿದ್ದೆ. ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚು. ಇಳಿಯಲಿಕ್ಕುಂಟು ಎಂದು ಕಂಡಕ್ಟರಿಗೆ ಹೇಳಲಾಗದೆ ಮುಂದಿನ ಸ್ಟಾಪಿನಿಂದ ನಡೆದು ಬಂದವಳು ನಾನು.

ಒಂದು ದಿನ ಅಪ್ಪ ಕಣ್ಣು ತೋರಿಸಲು ನನ್ನ ಜೊತೆ ಹೊರಟಿದ್ದರು. ಸಿದ್ಧಕಟ್ಟೆ ದಾಟಿದ ಮೇಲೆ ಅವರ ತಲೆ ನನ್ನ ಹೆಗಲಿಗೆ ಬಿತ್ತು. ನಿದ್ದೆ ಅಂದುಕೊಂಡೆ. ನೋಡಿದರೆ ಅಂಗಿಯೆಲ್ಲ ಬೆವರು, ಬಾಯಿ ಒಂದು ಬದಿಗೆ ಸೊಟ್ಟ... ಬಸ್ಸು ನಿಲ್ಲಿಸಿ ಎನ್ನಬೇಕು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಎದ್ದು ನಿಲ್ಲೋಣವೆಂದರೆ ಅಪ್ಪ ಜಾರುತ್ತಾರೆ. ಬಸ್ಸಿನ ತುಂಬ ಹಾಡು, ಅಕ್ಕನ ಮಾತಿಗೆ ನಗು. ಇನ್ನೊಮ್ಮೆ ಬಾಯಿ ತೆರೆದೆ. ಪಕ್ಕದಲ್ಲಿ ನಿಂತವರು ಕೂಡ ತಿರುಗಲಿಲ್ಲ. ಅಪ್ಪ ನನ್ನ ಕೈಯಲ್ಲೇ ಹೋಗುತ್ತಾರೆ ಅನ್ನಿಸಿತು.

ಅಷ್ಟರಲ್ಲಿ ಅಕ್ಕನ ಮಾತು ಅರ್ಧಕ್ಕೆ ನಿಂತಿತು. ಸಾಲಾಗಿ ಮುಖ ನೋಡುತ್ತಾ ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂಥ ಮಗಾ, ಅಪ್ಪನಿಗೆ ಎಂಥ ಆಗ್ತಾ ಉಂಟು?”

ಉತ್ತರಕ್ಕೆ ಕಾಯದೆ ಡ್ರೈವರನ ಕಡೆ ತಿರುಗಿದರು. “ಇನ್ನು ಎಲ್ಲಿಯೂ ನಿಲ್ಲಿಸ್ಬೇಡ ಮಾರಾಯ, ಸೀದಾ ಆಸ್ಪತ್ರೆಗೆ ಬಿಡು.”

ಜನರ ಸಮೇತ ಬಸ್ಸು ಆಸ್ಪತ್ರೆಯ ಬಾಗಿಲಿಗೇ ಹೋಯಿತು. ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಪ್ಪ ಉಳಿದರು. ಮುಂದಿನ ವಾರ ಅಕ್ಕ ಆ ಕಥೆಯನ್ನೂ ಅಭಿನಯಿಸಿ ಬಸ್ಸಿಗೆಲ್ಲ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಆಮೇಲೆ ನನ್ನ ಕೆಲಸ ಬದಲಾಯಿತು, ಆ ಬಸ್ಸು ತಪ್ಪಿತು. ಮೊನ್ನೆ ಹತ್ತಿದಾಗ ಅದೇ ಹಳೆಯ ಕಂಡಕ್ಟರ್. ಟಿಕೆಟ್ ಕೊಡುತ್ತಾ, ಅಕ್ಕ ಕಳೆದ ತಿಂಗಳು ತೀರಿಹೋದರು ಎಂದರು. ಸುತ್ತ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಆದರೂ ಎದ್ದು ನಿಂತೆ.

“ನನ್ನ ಅಪ್ಪನನ್ನು ಉಳಿಸಿದ್ದು ಅವರು,” ಎಂದೆ, ಗಟ್ಟಿಯಾಗಿ.

ಕೆಲವರು ತಲೆಯೆತ್ತಿದರು. ಮುಂದಿನದನ್ನು ಅಕ್ಕನಾಗಿದ್ದರೆ ಚಂದ ಮಾಡಿ ಹೇಳುತ್ತಿದ್ದರು... ನನಗೆ ಅಳು ಬಂತು.