ಗಿರಿಜಕ್ಕ ಹುಡುಕಿಕೊಟ್ಟ ಟಪ್ಪಾಲು ಪೆಟ್ಟಿಗೆ

ಧನ್ಯಾ, ಸೃಜನ್, ನಮ್ಮ ಎದುರು ಮನೆಯ ಗಿರಿಜಕ್ಕ ಎಷ್ಟೇ ಸಿಟ್ಟಿದ್ದರೂ ಮನೆಗೆ ಬಂದವರನ್ನು ಚಹಾ ಕೊಡದೆ ಕಳುಹಿಸಿದವರಲ್ಲ. ಆದರೆ ಸಿಟ್ಟಿದ್ದವರ ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ. ಲೋಟವನ್ನು ಕೈಗೆ ಕೊಟ್ಟು, ಎದುರಿನ ಬೆಂಚಿನಲ್ಲಿ ಕೂತು, ಅವರು ತಳದವರೆಗೆ ಕುಡಿದು ಮುಗಿಸುವುದನ್ನು ನೋಡುತ್ತಿದ್ದರು. ಸಕ್ಕರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೆ, ಯಾಕೆ ಹಾಕಲಿಲ್ಲ ಎಂಬ ಕಾರಣವನ್ನು ಅವರು ರಸ್ತೆಗೆ ಕೇಳುವ ಹಾಗೆ ಹೇಳುತ್ತಾರೆಂದು ಪಂಜ ಪೇಟೆಯಿಂದ ಆಚೆಯವರಿಗೂ ಗೊತ್ತಿತ್ತು. ಕೊನೆಕೊನೆಗೆ ಊರಿನ ಅರ್ಧ ಜನಕ್ಕೆ ಶುಗರ್ ಬಂದು, ಅವರೇ ಸಕ್ಕರೆ ಬೇಡ ಎನ್ನತೊಡಗಿದಾಗ ಗಿರಿಜಕ್ಕನಿಗೆ ಬಹಳ ಬೇಸರವಾಗಿತ್ತು. "ಈ ಡಾಕ್ಟರರು ನನ್ನ ಕೈಯಲ್ಲಿದ್ದ ಕತ್ತಿ ಕಿತ್ಕೊಂಡ್ರು ಮಾರಾಯ್ತಿ," ಎಂದಿದ್ದರು.

ನೀವು ಅವರನ್ನು ನೋಡಿದ್ದೀರಿ, ಆದರೆ ತೀರಾ ಸಣ್ಣವರಿದ್ದಾಗ. ಉದ್ದ, ಸಪೂರ ಹೆಂಗಸು. ಎಡಗೈಯಲ್ಲಿ ಗಂಡಸರ ದೊಡ್ಡ ವಾಚು. ಕೈಗೆ ಏನು ಬಂದರೂ, ಮದುವೆ ಕಾಗದವಾಗಲಿ ಔಷಧಿಯ ಚೀಟಿಯಾಗಲಿ, ಮೊದಲು ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಆ ಹೆಸರಿನವರ ಮುಖ ನೋಡಿ, ಆಮೇಲೆ ಕೊಡುವುದು. ಅದು ಅವರ ಕೆಲಸದಿಂದ ಬಂದ ಅಭ್ಯಾಸ. ನಮ್ಮೂರಿನ ಬ್ರಾಂಚ್ ಪೋಸ್ಟಾಫೀಸು ಇದ್ದದ್ದು ಅವರ ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ. ಅದರ ಪೋಸ್ಟ್ ಮಾಸ್ಟರ್ ಅವರೇ.

ಆಗಿನ ಪದ್ಧತಿ ನಿಮಗೆ ತಿಳಿದಿರಲಾರದು. ಕಾಗದ ಯಾರ ಹೆಸರಿಗೆ ಬಂದರೂ ಅದು ಮನೆಯ ಹಿರಿಯ ಗಂಡಸಿನ ಕೈಗೆ ಹೋಗಬೇಕು. ಅವರು ಒಡೆದು ಓದಿ, ಕೊಡಬಹುದು ಎಂದು ಕಂಡರೆ ಒಳಗೆ ಹೆಂಗಸರಿಗೆ ಕೊಡುವುದು. ಇದನ್ನು ತಪ್ಪೆಂದು ಯಾರೂ ತಿಳಿದಿರಲಿಲ್ಲ, ಹೆಂಗಸರು ಕೂಡ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ತಾಯಿ ನರಿಮೊಗರಿನಿಂದ ಒಂದು ಇನ್‌ಲ್ಯಾಂಡ್ ಕಾಗದ ಹಾಕಿದ್ದರು. ಅದನ್ನು ತರಲು ಹೋದವರು ಶ್ರೀಧರ ಭಾವ, ಅಂದರೆ ನಿಮ್ಮ ಅಜ್ಜನ ಅಣ್ಣ.

"ಇದರಲ್ಲಿ ಸುಮಿತ್ರಾ ಅಂತ ಉಂಟು," ಎಂದರಂತೆ ಗಿರಿಜಕ್ಕ. "ನೀವು ಸುಮಿತ್ರಾ ಅಲ್ಲ."

"ಅವಳು ನಮ್ಮ ಮನೆಯ ಹೆಂಗಸು. ಕೊಡಿ."

"ಹೆಂಗಸು ನಿಮ್ಮ ಮನೆಯವಳಿರ್ಬಹುದು. ಕಾಗದ ಅವಳದ್ದು. ಕಳಿಸಿ ಅವಳನ್ನು."

ನಾನು ತಲೆ ತಗ್ಗಿಸಿಕೊಂಡೇ ರಸ್ತೆ ದಾಟಿ ಹೋದೆ. ಗಿರಿಜಕ್ಕ ನನ್ನ ಹೆಸರನ್ನು ಓದಿ, ಮುಖ ನೋಡಿ, ಕಾಗದ ಕೊಟ್ಟರು. "ಇಲ್ಲೇ ಕೂತು ಓದಿ ಮುಗಿಸಿಯೇ ಹೋಗು. ಆಮೇಲೆ ಯಾರು ಕಿತ್ಕೊಂಡ್ರೂ ಓದಿದ್ದು ಹೋಗುದಿಲ್ಲ ಅಲ್ವಾ," ಎಂದರು. ಆ ದಿನದಿಂದ ಶ್ರೀಧರ ಭಾವನ ಚಹಾಕ್ಕೆ ಆ ಮನೆಯಲ್ಲಿ ಸಕ್ಕರೆ ಬೀಳಲಿಲ್ಲ.

ಇನ್ನು ನಿಮ್ಮ ಅಮ್ಮನ ವಿಷಯ. ನನ್ನ ಮಗಳು ವಿನುತಾ ತನಗೆ ಬೇಕಾದವರನ್ನು ಮದುವೆಯಾಗಿ ನಾಸಿಕ್‌ಗೆ ಹೋದದ್ದು ಭಾವನಿಗೆ ಆಗಿರಲಿಲ್ಲ. ನಿಮ್ಮ ಅಜ್ಜ ಇರುವವರೆಗೆ ಅವರು ಬಾಯಿ ಮುಚ್ಚಿಕೊಂಡಿದ್ದರು. ಅಜ್ಜ ಹೋದ ಮೇಲೆ ನನಗೊಂದು ಮೊಬೈಲ್ ಬಂತು. ಆದರೆ ಅವಳು ಫೋನ್ ಮಾಡಿದರೆ ಸುತ್ತ ಇದ್ದವರೆಲ್ಲ "ಸ್ಪೀಕರಿಗೆ ಹಾಕಿ" ಎನ್ನುತ್ತಿದ್ದರು. ನನಗೆ ಮೊದಲೇ ಮಾತು ಕಡಿಮೆ. ಇನ್ನೊಬ್ಬರ ಎದುರು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ವಾಟ್ಸಾಪಿನಲ್ಲಿ ಬರೆದರೆ ಪಕ್ಕದಲ್ಲೇ ಇದ್ದ ಭಾವನ ಮನೆಯ ಮಕ್ಕಳು ಆಟಕ್ಕೆಂದು ಮೊಬೈಲ್ ತೆಗೆದುಕೊಂಡು ಎಲ್ಲವನ್ನೂ ಓದುತ್ತಿದ್ದರು. ಅದಕ್ಕೆ ನಿಮ್ಮ ಅಮ್ಮ "ಇಮೇಲ್ ಬರಿ ಅಮ್ಮ, ಅದು ಲಕೋಟೆಯ ಹಾಗೆ" ಎಂದಳು.

ಪುತ್ತೂರಿನ ದರ್ಬೆಯ ಕಂಪ್ಯೂಟರ್ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿ ಇಮೇಲ್ ಮಾಡಿಸಿಕೊಟ್ಟವರು ಭಾವ. ಫೋನ್ ನಂಬರ್ ಕೇಳಿದಲ್ಲಿ ತಮ್ಮ ನಂಬರ್ ಹೇಳಿದರು, ಪಾಸ್‌ವರ್ಡ್ ಕೇಳಿದಲ್ಲಿ ಮನೆಯ ಹೆಸರು. ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ನಮ್ಮ ಎರಡು ಮನೆಗಳ ಎಲ್ಲ ಹೆಂಗಸರಿಗೂ ಕೊಟ್ಟದ್ದು ಅವರದೇ ನಂಬರ್. ಹಳೆಯ ಕಾಗದದ ಪದ್ಧತಿಯೇ ಹೊಸ ಅಂಗಿ ಹಾಕಿಕೊಂಡು ಬಂದಿದೆ ಎಂದು ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಂದು ಬೆರಳಿನಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೆ. ಬಾಯಲ್ಲಿ ಬಾರದ್ದೆಲ್ಲ ಅದರಲ್ಲಿ ಬರುತ್ತಿತ್ತು. ನಿಮ್ಮ ಅಮ್ಮನೂ ಉದ್ದುದ್ದ ಬರೆಯುತ್ತಿದ್ದಳು. ಹಾಗಿದ್ದವಳು ತನ್ನ ಅಪ್ಪನ ವರ್ಷಾಂತಿಕಕ್ಕೆ, ಮೊದಲ ವರ್ಷದ ತಿಥಿಗೆ, ಬರಲಿಲ್ಲ. ನನ್ನ ಫೋನನ್ನೂ ಎತ್ತಲಿಲ್ಲ.

ಆ ದಿನ ಊಟದ ಪಂಕ್ತಿಯಲ್ಲಿ ನಾನು ಪಾಯಸ ಬಡಿಸುತ್ತಿದ್ದೆ. ಭಾವ ಪಕ್ಕದವರಿಗೆ ನಗುತ್ತಾ ಹೇಳಿದರು, "ಸುಮಿತ್ರೆಗೆ ಇನ್ನು ಕಾಶಿಯೂ ಬೇಡ, ರಾಮೇಶ್ವರವೂ ಬೇಡ. ಆ ಧನ್ಯನ ಕಾಲಿಗೆ ಬೆಳ್ಳಿ ಗೆಜ್ಜೆ ಕಟ್ಟಿ ಕಣ್ಣು ಮುಚ್ಚಿದ್ರೆ ಸಾಕಂತೆ."

ಎಲ್ಲರೂ ನಕ್ಕರು. ಆ ಮಾತನ್ನು ನಾನು ನಿಮ್ಮ ಅಮ್ಮನಿಗೆ ಬಿಟ್ಟು ಈ ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿದ್ದಲ್ಲ, ಬರೆದದ್ದು. ಪಂಕ್ತಿಯಲ್ಲಿದ್ದ ಗಿರಿಜಕ್ಕ ನನ್ನ ಮುಖ ನೋಡಿದರು. ಕೈ ತೊಳೆಯುವಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಆ ಗೆಜ್ಜೆಯ ಮಾತು ಯಾರತ್ರ ಆಡಿದ್ದಿ?"

"ವಿನುತಾಳಿಗೆ. ಇಮೇಲಿನಲ್ಲಿ."

"ಮತ್ತೆ ಶ್ರೀಧರನಿಗೆ ಬಟವಾಡೆ ಮಾಡಿದ್ದು ಯಾರು?"

ಅಂದು ಸಂಜೆ ತಮ್ಮ ಫೋನಿನಿಂದ ನಿಮ್ಮ ಅಮ್ಮನನ್ನು ಕರೆದರು. "ಅಪ್ಪನ ಕಾರ್ಯಕ್ಕೆ ಯಾಕೆ ಬರ್ಲಿಲ್ಲ ನೀನು?" ಎಂದು ಒಂದೇ ಏಟಿಗೆ ಕೇಳಿದರು.

"ಅಮ್ಮನೇ ಬರೆದದ್ದಲ್ವಾ, ಬರ್ಬೇಡ ಅಂತ. ನೀನು ಬಂದ್ರೆ ನಾನು ಎದ್ದು ಹೋಗ್ತೇನೆ ಅಂತ."

ನನ್ನ ಕೈಗೆ ಫೋನ್ ಬಂತು. "ನಾನಲ್ಲ" ಎಂದು ಎರಡು ಸಲ ಹೇಳಿದೆ. ಆ ಕಡೆಯಿಂದ ಅಳು ಕೇಳಿತು. ಆಮೇಲೆ ಅವಳು ಕೇಳಿದ ಒಂದು ಮಾತು ಈಗಲೂ ನನ್ನ ಎದೆಯಲ್ಲಿದೆ. "ಇನ್ನು ಮೇಲೆ ನಿನ್ನ ಹೆಸರಲ್ಲಿ ಬಂದದ್ದನ್ನು ನಾನು ಹೇಗಮ್ಮ ನಂಬುದು?"

ಮಕ್ಕಳೇ, ಅಪ್ಪನ ವರ್ಷಾಂತಿಕ ಇನ್ನೊಂದು ಸಲ ಬರುವುದಿಲ್ಲ. ಅದನ್ನು ಅವಳಿಂದ ಕಿತ್ತುಕೊಂಡವರು ನನ್ನ ಹೆಸರು ಹಿಡಿದು ಕಿತ್ತುಕೊಂಡರು.

ಗಿರಿಜಕ್ಕ ಮರುದಿನವೇ ನನ್ನನ್ನು ದರ್ಬೆಗೆ ಹೊರಡಿಸಿದರು. ಬರೆದವರು ಆ ಕಾಗದದ ಗುರುತನ್ನೂ ಅಳಿಸಿದ್ದಾರೆ, ಪಾಸ್‌ವರ್ಡ್ ಬದಲಿಸಿದರೆ ಆಯಿತು ಎಂದಳು ಅಂಗಡಿಯ ಹುಡುಗಿ. "ನಂಬರ್ ಅವನದ್ದೇ ಇರುವಾಗ ಬೀಗ ಬದಲಿಸಿ ಎಂತ ಪ್ರಯೋಜನ? ಹೊಸ ಕೀಲಿಯೂ ಅವನ ಫೋನಿಗೇ ಬರ್ತದೆ. ಅದನ್ನು ಹಾಗೇ ಬಿಡು. ಬೇರೆ ಕಂಪನಿ ತೋರಿಸು," ಎಂದರು ಗಿರಿಜಕ್ಕ. ಹಾಗೇ ಬಿಡು ಎಂದದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ಕಂಪನಿಗಳನ್ನು ವಿಚಾರಿಸಿದ ರೀತಿ ನೋಡಿದರೆ ಹೆಣ್ಣು ಕೊಡಲು ಗಂಡಿನ ಮನೆ ವಿಚಾರಿಸಿದ ಹಾಗಿತ್ತು. ಒಂದು ಬಿಟ್ಟಿ, ಆದರೆ ಕಾಗದದ ಪಕ್ಕದಲ್ಲಿ ಜಾಹೀರಾತು ಬರುತ್ತದೆ ಎಂದಳು ಹುಡುಗಿ. "ಕಾಗದದ ಪಕ್ಕದಲ್ಲಿ ನಿಂತು ಸೀರೆ ಮಾರುವವ ಕಾಗದ ಇಣುಕುದಿಲ್ಲ ಅಂತ ಎಂತ ಗ್ಯಾರಂಟಿ? ಬೇಡ." ಇನ್ನೊಂದಕ್ಕೆ ವರ್ಷಕ್ಕಿಷ್ಟು ಎಂದು ಕಾರ್ಡಿನಲ್ಲಿ ಕಟ್ಟಬೇಕು. ನನ್ನ ಬ್ಯಾಂಕಿನ ಸಂದೇಶ ಹೋಗುವುದು ಭಾವನ ಫೋನಿಗೆ. ಅದೂ ಬೇಡವಾಯಿತು. ಮತ್ತೊಂದರಲ್ಲಿ ಎಲ್ಲ ಸರಿ ಇತ್ತು, ಆದರೆ ನಾನು ಕನ್ನಡದಲ್ಲಿ ಬರೆದದ್ದು ಬರೀ ಚೌಕ ಚೌಕವಾಗಿ ಕಂಡಿತು. "ಇವ ಅಕ್ಷರ ಕಲಿತು ಬರ್ಲಿ, ಆಮೇಲೆ ನೋಡುವಾ," ಎಂದರು. ಇನ್ನೊಂದು ಫೋನ್ ನಂಬರ್ ಕೇಳಿತು. ನಾನು ಮೆಲ್ಲಗೆ, "ನಿಮ್ಮದು ಕೊಡುವಾ ಗಿರಿಜಕ್ಕ," ಎಂದೆ. ಅವರು ನನ್ನತ್ತ ತಿರುಗಿದ ರೀತಿಗೆ ಆ ಹುಡುಗಿಯೂ ಹೆದರಿದಳು.

"ಅವನ ಗೂಟದಿಂದ ಬಿಚ್ಚಿ ನನ್ನ ಗೂಟಕ್ಕೆ ಕಟ್ಟುದಾ ನಿನ್ನನ್ನು? ನಾನೂ ನಾಳೆ ಓದಿದ್ರೆ?"

ಕೊನೆಗೆ ಸಿಕ್ಕಿದ್ದು ಯಾವುದೋ ದೂರದೇಶದ ಸಣ್ಣ ಕಂಪನಿ. ಫೋನ್ ನಂಬರ್ ಬೇಡ. ಸಣ್ಣ ಪೆಟ್ಟಿಗೆಗೆ ಹಣವೂ ಬೇಡ. ಕಾಗದಕ್ಕೆ ಅವರು ಹಾಕುವ ಬೀಗ ಅವರಿಗೇ ತೆಗೆಯಲು ಆಗುವುದಿಲ್ಲವಂತೆ. "ಬಿಟ್ಟಿ ಕೊಟ್ಟು ಇವರು ಎಂತ ತಿನ್ನುದು?" ಎಂದು ಗಿರಿಜಕ್ಕನಿಗೆ ಸಂಶಯ. ದೊಡ್ಡ ಪೆಟ್ಟಿಗೆ ತೆಗೆದುಕೊಂಡವರು ಕೊಡುವ ಹಣದಲ್ಲಿ ನಡೆಯುತ್ತದೆ ಎಂದು ಹುಡುಗಿ ತಿಳಿಸಿ ಹೇಳಿದಳು. ಪಾಸ್‌ವರ್ಡ್ ಮರೆತರೆ ಬಳಸಲಿಕ್ಕೆಂದು ಒಂದಷ್ಟು ಶಬ್ದಗಳನ್ನು ಅಚ್ಚು ಹಾಕಿ ಕೊಟ್ಟಳು. ಗಿರಿಜಕ್ಕ ಅದನ್ನು ಮನೆಗೆ ತಂದವರೇ, ಶ್ರೀಧರನ ಕಣ್ಣಿಗೆ ಬಿದ್ದೀತು ಎಂದು ಬಚ್ಚಲ ಒಲೆಗೆ ಹಾಕಿದರು.

ನಾನು ಪಾಸ್‌ವರ್ಡ್ ಮರೆತೆ. ಮರೆಯದೆ ಏನಾಗುತ್ತದೆ? ಯಾರಿಗೂ ಊಹಿಸಲು ಆಗದ್ದು ಇಡು ಎಂದಿದ್ದರು, ನನಗೂ ಊಹಿಸಲು ಆಗಲಿಲ್ಲ. ಪುನಃ ದರ್ಬೆಗೆ ಹೋದೆವು. ಹುಡುಗಿ ಕಂಪನಿಗೆ ಬರೆದು ಕೇಳಿದಳು. ಪೋಸ್ಟಾಫೀಸು ನಡೆಸಿದ ಹಿರಿಯರು ಸಾಕ್ಷಿ ಹೇಳುತ್ತಾರೆ ಎಂದು ಗಿರಿಜಕ್ಕ ಅದರಲ್ಲಿ ಸೇರಿಸಲು ಹೇಳಿದರು. ಉತ್ತರ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು: ಕ್ಷಮಿಸಿ, ಕೀಲಿ ನಮ್ಮಲ್ಲಿಲ್ಲ, ಯಾರು ಹೇಳಿದರೂ ಆ ಪೆಟ್ಟಿಗೆ ತೆಗೆಯಲು ನಮ್ಮಿಂದ ಆಗುವುದಿಲ್ಲ.

ನನಗೆ ಅಳು ಬಂತು. ಗಿರಿಜಕ್ಕನ ಮುಖದಲ್ಲಿ ಮಾತ್ರ ನಾನು ಅಂಥ ಸಂತೋಷ ಕಂಡದ್ದು ಕಡಿಮೆ.

"ನೋಡು, ನನಗೇ ಕೊಡ್ಲಿಲ್ಲ," ಎಂದರು. "ಇವರೇ ಆಗ್ಬಹುದು."

ಅದೇ ಕಂಪನಿಯಲ್ಲಿ ಹೊಸ ವಿಳಾಸ ಮಾಡಿಸಿದೆವು. ಈ ಸಲ ಆ ಶಬ್ದಗಳನ್ನು ಒಲೆಗೆ ಹಾಕಲಿಲ್ಲ. ನಾಸಿಕ್‌ನ ನಂಬರಿಗೆ ಕರೆದು, ಹೊಸ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ನಾನೇ ಬಾಯಿಬಿಟ್ಟು ನಿಮ್ಮ ಅಮ್ಮನಿಗೆ ಹೇಳಬೇಕೆಂದು ಗಿರಿಜಕ್ಕ ಹಠ ಹಿಡಿದರು. ಹೇಳಿದೆ. ಅಷ್ಟು ಉದ್ದ ನಾನು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು. "ಈಗ ನಂಬಿಕೆ ಬಂತು ಅಮ್ಮ," ಎಂದಳು. ಅವಳೂ ನನಗೆ ಬರೆಯಲಿಕ್ಕೆಂದು ಬೇರೆ ವಿಳಾಸ ಮಾಡಿಕೊಂಡಳು.

ಭಾವನ ನಂಬರಿನ ಹಳೆಯ ಪೆಟ್ಟಿಗೆಯನ್ನು ಹಾಗೇ ಬಿಟ್ಟದ್ದು ಯಾಕೆಂದು ಆಮೇಲೆ ತಿಳಿಯಿತು. "ಅವ ಓದ್ಲಿಕ್ಕೆ ಆಸೆ ಪಡುವವ. ನಾವು ಬರೆಯುವಾ," ಎಂದರು ಗಿರಿಜಕ್ಕ. ನಿಮ್ಮ ಅಮ್ಮನಿಗೆ ಮೊದಲೇ ತಿಳಿಸಿ, ಹಳೆಯದರಿಂದ ಅವಳಿಗೆ ಬರೆದೆ: ಒಂದು ತಿಂಗಳಿಗೆ ಊರ ಕಡೆ ಬಂದಿದ್ದೀಯಲ್ಲ, ಬುಧವಾರ ಕಡಬದ ಬಸ್ ಸ್ಟ್ಯಾಂಡಿಗೆ ಬಾ, ನನ್ನ ತಾಯಿಯ ಬಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ, ಭಾವನಿಗೆ ಗೊತ್ತಾಗುವುದು ಬೇಡ. ಬುಧವಾರ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಾಲೂಕು ಆಫೀಸಿನಲ್ಲಿ ಕೆಲಸ ಉಂಟೆಂದು ಹೊರಟರು. ನಾನು ಗಿರಿಜಕ್ಕನ ಜಗಲಿಯಲ್ಲಿ ಬೀನ್ಸ್ ಮುರಿಯುತ್ತಿದ್ದೆ. ಅವರು ವಾಚು ನೋಡಿ, "ಇವತ್ತಿನ ಟಪ್ಪಾಲು ಹೋಯ್ತು," ಎಂದರು.

ಸಂಜೆ ಭಾವ ಬಿಸಿಲಿಗೆ ಬಾಡಿ, ತಲೆನೋವೆಂದು ಮಲಗಿದರು. ಬಸ್ ತಪ್ಪಿತು, ಮುಂದಿನ ವಾರ ಸುಳ್ಯ ಎಂದು ಬರೆದೆ. ಸುಳ್ಯಕ್ಕೂ ಹೋಗಿ ಬಂದರು. ಮೂರನೆಯದು ಪುತ್ತೂರು. ಆ ದಿನ ಅವರಿಗಿಂತ ಮೊದಲಿನ ಬಸ್ಸಿನಲ್ಲಿ ನಾವಿಬ್ಬರು ಹೋದೆವು, ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು.

ಭಾವ ಕಂಬದ ಹಿಂದೆ ನಿಂತು ಬಸ್ಸುಗಳನ್ನು ನೋಡುತ್ತಿದ್ದರು. ಗಿರಿಜಕ್ಕ ಬೆಂಚಿನಿಂದಲೇ ಕರೆದರು. "ಬನ್ನಿ ಶ್ರೀಧರಣ್ಣ, ಕೂತ್ಕೊಳ್ಳಿ. ಯಾರನ್ನು ಕಾಯುದು?"

"ಯಾರನ್ನೂ ಇಲ್ಲ. ಔಷಧಿಗೆ ಬಂದದ್ದು."

"ಕಡಬದಲ್ಲಿ ಸಿಕ್ಲಿಲ್ವಾ? ಸುಳ್ಯದಲ್ಲೂ ಇಲ್ವಾ?"

ಅವರ ಮುಖ ಬಿಳುಪೇರಿತು. ನನ್ನನ್ನು ನೋಡಿದರು. ನಾನು ಫ್ಲಾಸ್ಕನ್ನು ಗಿರಿಜಕ್ಕನ ಕೈಗೆ ಕೊಟ್ಟು ಎದ್ದು ನಿಂತೆ. ಆಮೇಲೆ ಕೇಳಿದೆ, "ಭಾವ, ವಿನುತಾಳಿಗೆ ಬರ್ಬೇಡ ಅಂತ ನನ್ನ ಹೆಸರಲ್ಲಿ ಬರೆದದ್ದು ನೀವಲ್ವಾ?" ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. ಅವರಲ್ಲಿ ನಮ್ಮ ಊರಿನವರೂ ಇದ್ದರು.

"ಮನೆಯ ಮರ್ಯಾದೆಗೆ ಬೇಕಾಗಿ..." ಎಂದು ಶುರು ಮಾಡಿದರು.

"ಚಾ ಆರ್ತದೆ," ಎಂದರು ಗಿರಿಜಕ್ಕ, ಲೋಟ ಮುಂದೆ ಚಾಚಿ. "ಕುಡೀರಿ."

ಭಾವ ಅಷ್ಟು ಜನರ ಎದುರು ಅದನ್ನು ತಳದವರೆಗೆ ಕುಡಿದರು. ಸಕ್ಕರೆ ಇಲ್ಲದ ಚಹಾವನ್ನು ಇನ್ನೊಬ್ಬರು ಕುಡಿಯುವುದು ಅಷ್ಟು ರುಚಿ ಎಂದು ನನಗೆ ಅಂದು ಗೊತ್ತಾಯಿತು.

ಆ ಹಳೆಯ ಪೆಟ್ಟಿಗೆಯನ್ನು ನಾನು ಇನ್ನೂ ಮುಚ್ಚಿಲ್ಲ. ಪ್ರತಿ ವರ್ಷ ಅಜ್ಜನ ತಿಥಿಯ ದಿನ ಅದರಲ್ಲಿ ಒಂದು ಸಾಲು ಬರೆಯುತ್ತೇನೆ: ಈ ವರ್ಷವೂ ಮಗಳು ಬಂದಿದ್ದಾಳೆ. ಅಷ್ಟೇ. ಓದುವವರು ಓದಲಿ.

ಗಿರಿಜಕ್ಕನನ್ನು ಕೊನೆಗೆ ನೋಡಿದ್ದು ಅವರು ಹಾಸಿಗೆ ಹಿಡಿದಿದ್ದಾಗ. ಅದಕ್ಕೆ ಸ್ವಲ್ಪ ಮೊದಲು ಭಾವ ನನ್ನಲ್ಲಿಗೆ ಬಂದಿದ್ದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ನಿಮ್ಮ ಅಮ್ಮನಿಗೆ ಏನೋ ಬರೆಯಲಿಕ್ಕುಂಟೆಂದು ನನ್ನ ಹೊಸ ವಿಳಾಸವನ್ನೂ ಅವಳ ಹೊಸದನ್ನೂ ಕೇಳಿದರು. ನನ್ನ ಮನಸ್ಸು ಸ್ವಲ್ಪ ಕರಗಿತ್ತು. ಗಿರಿಜಕ್ಕನ ಹತ್ತಿರ ಕೂತು, "ಕೊಡುವಾ ಅಂತ ಕಾಣ್ತದೆ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ, "ಒಳಗೆ ಹೋಗಿ ಒಂದು ಚಾ ಮಾಡ್ಕೊ," ಎಂದರು. ನಾನು ಏಳುವಾಗ, "ಸಕ್ಕರೆ ಹಾಕ್ಬೇಡ," ಎಂದರು.

ನಾನು ಚಹಾ ಮಾಡಿಕೊಂಡು ಬಂದು ಅವರ ಎದುರು ಕೂತು ಕುಡಿದೆ. ದಿಂಬಿಗೆ ಒರಗಿ, ನಾನು ತಳ ಕಾಣಿಸುವವರೆಗೆ ಕಣ್ಣು ತೆಗೆಯದೆ ನೋಡಿದರು. ನನ್ನ ತಾಯಿಯ ಕಾಗದ ಕೊಟ್ಟ ದಿನ ನೋಡಿದ ಹಾಗೆಯೇ.

"ಈಗ ಹೇಳು. ಕೊಡುದಾ?"

"ಇಲ್ಲ ಗಿರಿಜಕ್ಕ."

"ಹಾಂ," ಎಂದು ಗೋಡೆಯ ಕಡೆ ಮಗ್ಗುಲಾದರು. ಮತ್ತೆ ನಾನು ಹೋಗುವಷ್ಟರಲ್ಲಿ ಅವರಿರಲಿಲ್ಲ. ಅವರ ವಾಚನ್ನು ಅವರ ತಂಗಿಯ ಮಗಳು ಕಟ್ಟಿಕೊಂಡಿದ್ದಾಳೆ. ಆ ಜಗಲಿಯ ಬೆಂಚು ಈಗ ನನ್ನ ಮನೆಯಲ್ಲಿದೆ.

ಭಾವ ಈಗಲೂ ಆಗಾಗ ಬರುತ್ತಾರೆ. ಅವರಿಗೆ ಶುಗರ್ ಇಲ್ಲ, ದೇವರು ಆರೋಗ್ಯ ಕೊಟ್ಟಿದ್ದಾನೆ. ನಾನು ಚಹಾ ಮಾಡಿ ಕೊಟ್ಟು ಎದುರಿನ ಬೆಂಚಿನಲ್ಲಿ ಕೂರುತ್ತೇನೆ. ಅವರು ಸಕ್ಕರೆ ಕೇಳುವುದಿಲ್ಲ, ವಿಳಾಸವನ್ನೂ ಈಗ ಕೇಳುವುದಿಲ್ಲ. ನಾಳೆ ಅವರ ಮನೆಯವರು ನಿಮ್ಮ ಬಾಗಿಲಿಗೆ ಬಂದರೆ ಚಹಾ ಕೊಡದೆ ಕಳುಹಿಸಬೇಡಿ. ಸಕ್ಕರೆಯ ವಿಷಯ ನೀವು ನೀವೇ ನೋಡಿಕೊಳ್ಳಿ.

ಈ ಹಾಳೆಗಳನ್ನು ನಿಮ್ಮ ಅಮ್ಮನ ಕೈಯಲ್ಲೇ ಕೊಟ್ಟು ಕಳುಹಿಸುತ್ತಿದ್ದೇನೆ. ಜೋಪಾನವಾಗಿ ಇಡಿ. ಬೀಗ ಹಾಕಿ ಇಡಬೇಕೆಂದಿಲ್ಲ, ಯಾರು ಬೇಕಾದರೂ ಓದಲಿ. ನನ್ನ ಹೆಸರಿನ ಕೆಳಗೆ ಇನ್ನೊಬ್ಬರು ಒಂದು ಸಾಲನ್ನೂ ಸೇರಿಸದ ಹಾಗೆ ನೋಡಿಕೊಂಡರೆ ಸಾಕು.