ಟೈಲರಕ್ಕನ ಕಚ್ಚಾ ಹೊಲಿಗೆ

ಮೂರು ಹೊತ್ತೂ ತುಟಿಯಲ್ಲಿ ಸೂಜಿ ಕಚ್ಚಿಕೊಂಡಿರುವ ಟೈಲರಕ್ಕ, ವಾರಕ್ಕೊಮ್ಮೆ ತೂಕ ಇಳಿಸುವ ಇಂಜೆಕ್ಷನ್ನನ್ನು ಹೊಟ್ಟೆಗೆ ಚುಚ್ಚಿಕೊಳ್ಳುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕರೆಂಟು ಹೋದರೆ ಅವಳು ಮೊದಲು ಓಡುವುದು ಫ್ರಿಜ್ಜಿನ ಕಡೆಗೆ, ಒಳಗಿಟ್ಟ ಇಂಜೆಕ್ಷನ್ನು ಬೆಚ್ಚಗಾದರೆ ಗತಿಯೇನು ಎಂದು. ಫೋನಿನಲ್ಲೇ ಮುಖ ತೋರಿಸಿ ಔಷಧಿ ಬರೆಯುವ ಡಾಕ್ಟರಮ್ಮ "ವಾಂತಿಗೀಂತಿ ಆಗ್ತಿದೆಯಾ?" ಎಂದರೆ, ಎಲ್ಲಿ ಇಂಜೆಕ್ಷನ್ನು ನಿಲ್ಲಿಸಿಬಿಡುತ್ತಾರೋ ಎಂದು ಹೆದರಿ, ಬೆಳಗಿನಿಂದ ಬಚ್ಚಲಲ್ಲೇ ಇದ್ದವಳು "ಏನೂ ಇಲ್ಲ ಮೇಡಂ" ಎನ್ನುತ್ತಾಳೆ. "ಅರ್ಧಕ್ಕರ್ಧ ಕರಗಿದ್ದೀರಲ್ಲ ಅಕ್ಕ, ಏನು ಗುಟ್ಟು?" ಎಂದು ಗಿರಾಕಿಗಳು ಕೇಳಿದರೆ ಹೊಲಿಗೆ ಮಷಿನ್ನಿನ ಕಡೆ ಕೈ ತೋರಿಸಿ, "ತುಳಿದೂ ತುಳಿದೂ" ಎಂದು ನಗುತ್ತಾಳೆ. ಬೀದಿಯವರ ಬಟ್ಟೆಗೆಲ್ಲ ಕಣ್ಣಳತೆಯಲ್ಲೇ ಕತ್ತರಿ ಹಾಕುವ ಇವಳು, ತನ್ನ ದೊಗಲೆ ಅಂಗಿಗಳನ್ನು ಮಾತ್ರ ಒಂದೆಳೆ ಎಳೆದರೆ ಬಿಚ್ಚಿಕೊಳ್ಳುವ ಕಚ್ಚಾ ಹೊಲಿಗೆಯಲ್ಲಿ ಹಿಡಿದಿಟ್ಟಿದ್ದಾಳೆ. "ಕತ್ತರಿಸಿ ಗಟ್ಟಿಯಾಗಿ ಹೊಲ್ಕೊಳ್ಳಕ್ಕ" ಎಂದು ತಂಗಿ ಬೈದರೆ ದನಿ ತಗ್ಗಿಸುತ್ತಾಳೆ: "ಆ ದಪ್ಪಗಿನವಳು ಒಂದಿನ ವಾಪಸ್ ಬಂದ್ರೆ ಏನು ಹಾಕ್ಕೊಳ್ತಾಳೆ, ಪಾಪ."